ಮೊಹರಂನಲ್ಲಿ ಮುಸ್ಲಿಮೇತರರ ಪಾಲು: ಚಿಕ್ಕೋಡಿ–ಅಥಣಿ ಸೀಮೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲೂ ಅವಕ್ಕೆ ಅಂಟಿಕೊಂಡ ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಗಡಿ ಊರುಗಳಲ್ಲೂ ಮೊಹರಂ ಮತ್ತು ಉರುಸುಗಳಲ್ಲಿ ಮುಸಲ್ಮಾನರಲ್ಲದವರು ಹರಕೆ ಹೊತ್ತು, ಸೇವೆ ಸಲ್ಲಿಸಿ, ಕೆಲವೆಡೆ ಮುಂದಾಳಾಗಿಯೂ ಪಾಲ್ಗೊಳ್ಳುವ ವಾಡಿಕೆ ಇದೆ. ಒಂದು ಧರ್ಮದ ಹಬ್ಬದಲ್ಲಿ ಇನ್ನೊಂದು ಧರ್ಮದವರು ಸೇರಬಹುದೇ ಎಂಬ ಪ್ರಶ್ನೆಯನ್ನು ಹಲವು ಧರ್ಮಗಳ ಶಾಸ್ತ್ರಕಾರರು ಚರ್ಚಿಸಿದ್ದಾರೆ. ಈ ಸೀಮೆಯ ಹಳ್ಳಿಗಳು ಅದನ್ನು ಬಗೆಹರಿಸಿಕೊಂಡದ್ದು ಹಬ್ಬದ ಕೆಲಸಗಳನ್ನು ಮನೆಮನೆಗೆ ಹಂಚಿ.

ಇತಿಹಾಸ

ಮೊಹರಂ ಇಸ್ಲಾಮೀ ಪಂಚಾಂಗದ ಮೊದಲ ತಿಂಗಳು. ಕ್ರಿ.ಶ. 680ರಲ್ಲಿ ಆ ತಿಂಗಳ ಹತ್ತನೆಯ ದಿನ ಇರಾಕಿನ ಕರ್ಬಲಾದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಇಮಾಮ್ ಹುಸೇನ್ ಹತರಾದರು. ಶಿಯಾ ಪಂಥದವರಿಗೆ ಇದು ಶೋಕದ ಕಾಲ. ಈ ಸೀಮೆಯನ್ನು ಆಳಿದ ಬಿಜಾಪುರದ ಸುಲ್ತಾನ ಯೂಸುಫ್ ಆದಿಲ್ ಶಾ 1502ರ ಸುಮಾರಿಗೆ ಶಿಯಾ ಪಂಥವನ್ನು ರಾಜ್ಯದ ಪಂಥವಾಗಿ ಸಾರಿದ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಸುನ್ನಿ ಪಂಥಕ್ಕೆ ಮರಳಿದ. 1558ರಲ್ಲಿ ಬಂದ ಒಂದನೆಯ ಅಲಿ ಮತ್ತೆ ಶಿಯಾ ಪಂಥ ಹಿಡಿದ. ಅರಮನೆಯ ಪಂಥ ಹೀಗೆ ಹೊರಳಾಡುತ್ತಿದ್ದರೂ ಹಳ್ಳಿಗಳಲ್ಲಿ ಪಂಜಾ (ಅಂಗೈ ಆಕಾರದ ಲೋಹದ ಲಾಂಛನ) ಕೂರಿಸುವುದು, ಅಲಾವಿ ಎಂಬ ಬೆಂಕಿಯ ಕುಣಿಯ ಸುತ್ತ ಕುಣಿಯುವುದು ಬೇರೂರಿದವು. ಅಥಣಿ, ರಾಯಬಾಗಗಳು ಆ ಕಾಲದ ದೊಡ್ಡ ಪೇಟೆಗಳು. ಬಿಜಾಪುರದಿಂದ ಕರಾವಳಿಗೆ ಹೋಗುವ ಸರಕು ಈ ಸೀಮೆಯನ್ನು ಹಾದು ಸಾಗುತ್ತಿತ್ತು.

1686ರಲ್ಲಿ ಔರಂಗಜೇಬನ ಸೇನೆಗೆ ಬಿಜಾಪುರ ಸೋತ ಮೇಲೆ ಸೀಮೆ ಕೈಯಿಂದ ಕೈಗೆ ಹೋಗಿ ಕೊನೆಗೆ ಮರಾಠರ ಆಳ್ವಿಕೆಗೆ ಬಂತು. ಆಳುವವರು ಬದಲಾದರೂ ಹಬ್ಬ ನಿಲ್ಲಲಿಲ್ಲ. ಶಿಂದೆ, ಹೋಳ್ಕರ್, ಗಾಯಕವಾಡ ಎಂಬ ಮರಾಠಾ ಮನೆತನಗಳು ತಮ್ಮ ರಾಜಧಾನಿಗಳಲ್ಲಿ ಸ್ವತಃ ತಾಬೂತು (ಹುಸೇನರ ಗೋರಿಯ ಪ್ರತಿಕೃತಿ) ಕೂರಿಸುತ್ತಿದ್ದವು. ರಾಯಬಾಗವಂತೂ ಸ್ವಾತಂತ್ರ್ಯಾನಂತರದ ವಿಲೀನದವರೆಗೆ ಕೊಲ್ಲಾಪುರ ಸಂಸ್ಥಾನದಲ್ಲೇ ಇತ್ತು. ದಖ್ಖನಿನ ಮುಸಲ್ಮಾನರ ಆಚರಣೆಗಳನ್ನು ಜಾಫರ್ ಷರೀಫ್ ಬರೆದಿಟ್ಟು, ಹರ್ಕ್‌ಲಾಟ್ಸ್ ಇಂಗ್ಲಿಷಿಗೆ ತಂದ ‘ಕಾನೂನ್-ಎ-ಇಸ್ಲಾಂ’ 1832ರಲ್ಲಿ ಪ್ರಕಟವಾಯಿತು. ಮೊಹರಂ ಮೆರವಣಿಗೆ, ವೇಷ, ಹರಕೆಗಳ ವಿವರ ಅದರಲ್ಲಿ ವಿಸ್ತಾರವಾಗಿದೆ.

ಕನ್ನಡದಲ್ಲಿ ಕರ್ಬಲಾದ ಕಥೆ ಹರಡಿದ್ದು ರಿವಾಯತ್ ಎಂಬ ಮೊಹರಂ ಹಾಡುಗಳಿಂದ. ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರೂ (1819–1889) ಇಂಥ ಪದಗಳನ್ನು ಕಟ್ಟಿದರು. ಹೆಜ್ಜೆ ಮೇಳಗಳಲ್ಲಿ ಇವನ್ನು ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಹಸನ್–ಹುಸೇನರ ಕಥೆಯನ್ನು ಪಾಂಡವರ ಕಥೆಯಷ್ಟೇ ಸಲುಗೆಯಿಂದ ಹೇಳುತ್ತಾರೆ.

ಸೇವೆ ಮತ್ತು ಹರಕೆ

ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಗುದ್ದಲಿ ಹಾಕಿ ಅಲಾವಿ ಕುಣಿ ತೋಡುವುದರೊಂದಿಗೆ ಹಬ್ಬ ಶುರು. ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು ತೊಳೆದು, ಬಟ್ಟೆ ಉಡಿಸಿ ಕೂರಿಸುತ್ತಾರೆ. ಒಂಬತ್ತನೆಯ ದಿನದ ರಾತ್ರಿ ಖತಲ್ ರಾತ್ರಿ. ಮರುದಿನ ಪಂಜಾ, ಡೋಲಿಗಳು ಮೆರವಣಿಗೆಯಲ್ಲಿ ಹೊಳೆಗೋ ಬಾವಿಗೋ ಹೋಗುತ್ತವೆ. ಕುಣಿ ತೋಡುವುದು, ಕಟ್ಟಿಗೆ ಕೊಡುವುದು, ಡೋಲಿ ಕಟ್ಟುವುದು, ಹಲಗೆ ಬಾರಿಸುವುದು, ದೇವರು (ಪಂಜಾ) ಹೊರುವುದು ಹೀಗೆ ಒಂದೊಂದು ಕೆಲಸ ಒಂದೊಂದು ಮನೆತನಕ್ಕೆ ಸೇರಿದ್ದುಂಟು. ಯಾವುದು ಯಾರದು ಎಂಬುದು ಊರಿಂದೂರಿಗೆ ಬೇರೆ. ಈ ಪಾಳಿ ಮನೆತನಕ್ಕೆ ಹಕ್ಕೂ ಹೌದು, ಋಣವೂ ಹೌದು. ಬಿಟ್ಟರೆ ಊರಿಗೆ ಕೇಡು ಎಂಬ ಅಂಜಿಕೆ ಇದೆ. ಕಸಿದುಕೊಂಡರೆ ಜಗಳವೇ ಆಗುತ್ತದೆ.

ಹರಕೆಯ ದಾರಿ ಇನ್ನೂ ಅಗಲ. ಮಕ್ಕಳಾಗಲೆಂದೋ, ಮಗುವಿನ ಕಾಯಿಲೆ ವಾಸಿಯಾಗಲೆಂದೋ ಹೊತ್ತ ಹರಕೆಯಂತೆ ಹುಡುಗರನ್ನು ಫಕೀರರನ್ನಾಗಿ ಮಾಡುತ್ತಾರೆ. ಕೊರಳಿಗೆ ಲಾಡಿ (ಹರಕೆಯ ದಾರ) ಹಾಕಿ, ಐದು ಮನೆ ಬೇಡಿಸಿ, ಹಬ್ಬ ಮುಗಿದ ಮೇಲೆ ಲಾಡಿ ತೆಗೆಯುತ್ತಾರೆ. ಉತ್ತರ ಕರ್ನಾಟಕದ ಹಿಂದೂ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳು ಬಂದದ್ದೂ ಹೀಗೆಯೇ.

ಹಬ್ಬದ ವಿಶೇಷ ತಿನಿಸು ಚೊಂಗೆ. ಗೋಧಿ ಹಿಟ್ಟಿನ ಕಣಕವನ್ನು ಚಿತ್ತಾರ ಕೊರೆದ ಮರದ ಮಣೆಯ ಮೇಲೆ ಒತ್ತಿದರೆ ಬೆನ್ನಿನ ಮೇಲೆ ಗೆರೆಗಳು ಮೂಡುತ್ತವೆ. ಬೇಯಿಸಿದ ಮೇಲೆ ಬೆಲ್ಲ, ಪುಠಾಣಿ ಹಿಟ್ಟು ಹರಡಿ, ಮೇಲೆ ತುಪ್ಪ ಬಿಡುತ್ತಾರೆ. ಮುಸಲ್ಮಾನರಲ್ಲದವರೂ ಚೊಂಗೆ ಮಾಡಿ, ಇಲ್ಲವೇ ಸಕ್ಕರೆ ತಂದು ಫಾತಿಹಾ (ಕುರಾನಿನ ಪ್ರಾರ್ಥನೆ) ಓದಿಸಿಕೊಂಡು ಹೋಗುತ್ತಾರೆ.

ಮಿತಿಗಳು

ಎಲ್ಲರಿಗೂ ತೆರೆದ ಹಬ್ಬ ಎಂದರೆ ಎಲ್ಲರೂ ಎಲ್ಲವನ್ನೂ ಮಾಡುತ್ತಾರೆಂದಲ್ಲ. ಸಕ್ಕರೆ ಯಾರು ಬೇಕಾದರೂ ತರಬಹುದು. ಆದರೆ ಫಾತಿಹಾ ಓದುವವರು ಮುಲ್ಲಾ ಅಥವಾ ಮುಜಾವರರೇ. ಸವದತ್ತಿ ತಾಲ್ಲೂಕಿನ ಹಿರೇಬಿದನೂರು ಇದಕ್ಕೆ ಒಳ್ಳೆಯ ನಿದರ್ಶನ. ಐದು ತಾಲ್ಲೂಕುಗಳ ಆಚೆಗಿದ್ದರೂ ಇದು ಇದೇ ಜಿಲ್ಲೆಯ ಊರು. ಇಲ್ಲಿ ಮುಸಲ್ಮಾನರ ಮನೆಯೇ ಇಲ್ಲದಿದ್ದರೂ ಫಕೀರೇಶ್ವರ ಸ್ವಾಮಿ ಮಸೀದಿಯಲ್ಲಿ ಹಿಂದೂಗಳು ಮೊಹರಂ ನಡೆಸುವ ಸಂಗತಿ 2022ರಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ನಿತ್ಯದ ಪೂಜೆ ಊರಿನವರದೇ. ಮೊಹರಂ ವಿಧಿಗಳಿಗೆ ಮಾತ್ರ ಹತ್ತಿರದ ಬೇವಿನಕಟ್ಟಿಯಿಂದ ಮೌಲ್ವಿಯನ್ನು ಕರೆಸಿ ಮಸೀದಿಯಲ್ಲೇ ಉಳಿಸಿಕೊಳ್ಳುತ್ತಾರೆ.

ನಿಪ್ಪಾಣಿಯ ಉರುಸು

ನಿಪ್ಪಾಣಿಯಲ್ಲಿ ಆತಿಥೇಯರ, ಅತಿಥಿಗಳ ಜಾಗವೇ ಅದಲುಬದಲಾಗಿದೆ. ಬಾಗ್ದಾದಿನ ಸೂಫಿ ಅಬ್ದುಲ್ ಖಾದಿರ್ ಜೀಲಾನಿ (ಮರಣ 1166) ಅವರನ್ನು ಪೀರಾನೆಪೀರ ದಸ್ತಗೀರರೆಂದು ನೆನೆಯುವ ಇಲ್ಲಿನ ದರ್ಗಾವನ್ನು ಸ್ಥಾಪಿಸಿದವರು ಸಂತ ಬಾಬಾ ಮಹಾರಾಜ ಚವ್ಹಾಣ. ಗಂಧ, ಗಲೇಫ್ (ಗೋರಿಗೆ ಹೊದಿಸುವ ಬಟ್ಟೆ) ಸೇವೆಗಳೊಂದಿಗೆ ವರ್ಷಕ್ಕೊಮ್ಮೆ ನಡೆಯುವ ಉರುಸಿನಲ್ಲಿ ಚವ್ಹಾಣ ವಾರಸುದಾರರ ಪಾಲು ಮುಖ್ಯ. ಹಿಂದೂ ಮನೆತನವೊಂದು ಮುಂದೆ ನಿಂತು ನಡೆಸುವ ಉರುಸಿಗೆ ಕರ್ನಾಟಕ, ಮಹಾರಾಷ್ಟ್ರಗಳೆರಡರಿಂದಲೂ ಜನ ಬರುತ್ತಾರೆ.

ಆಕ್ಷೇಪಗಳು

ಈ ಬಗೆಯ ಬೆರಕೆಗೆ ವಿರೋಧ ಎರಡು ಕಡೆಯಿಂದಲೂ ಬಂದಿದೆ. ಪಂಜಾಕ್ಕೆ ಹರಕೆ ಹೊರುವುದು, ತಾಬೂತು ಮೆರೆಸುವುದು ಇಸ್ಲಾಮಿಗೆ ಹೊರಗೆಂದು ಸುನ್ನಿ ಸುಧಾರಕರು, ಮುಖ್ಯವಾಗಿ 1866ರಲ್ಲಿ ಸ್ಥಾಪನೆಯಾದ ದೇವಬಂದ್ ಪರಂಪರೆಯ ಉಲೇಮಾಗಳು, ಹೇಳುತ್ತ ಬಂದರು. ಇನ್ನೊಂದು ಕಡೆ, 1893ರ ಮುಂಬಯಿ ಹಿಂದೂ–ಮುಸ್ಲಿಂ ಗಲಭೆಯ ಬಳಿಕ ಪುಣೆಯಲ್ಲಿ ಹಿಂದೂಗಳು ಮೊಹರಂನಿಂದ ದೂರವಿರಬೇಕೆಂಬ ಕರೆ ಎದ್ದಿತು. ಟಿಳಕರ ಬೆಂಬಲದಿಂದ ಬೆಳೆದ ಸಾರ್ವಜನಿಕ ಗಣೇಶೋತ್ಸವದ ಮೇಳ, ಮೆರವಣಿಗೆಗಳಲ್ಲಿ ಮೊಹರಂನ ಅಚ್ಚು ಕಾಣುತ್ತಿತ್ತು. ಬೆಳಗಾವಿ ಆಗ ಮುಂಬಯಿ ಪ್ರಾಂತದ ಜಿಲ್ಲೆ. ಗಣೇಶೋತ್ಸವ ಇಲ್ಲಿಗೂ ಬಂತು. ಆದರೆ ಹಳ್ಳಿಗಳು ಗಣಪತಿಯನ್ನು ಕೂರಿಸಿಕೊಂಡವೇ ಹೊರತು ಅಲಾವಿಯನ್ನು ಬಿಡಲಿಲ್ಲ.

ಗಡಿಯಾಚೆ

ಈ ಬೆರಕೆಯ ಮತ್ತೊಂದು ಮುಖ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಕುರುಂದವಾಡದಲ್ಲಿದೆ. ಪಟವರ್ಧನರ ಸಂಸ್ಥಾನವಾಗಿದ್ದ ಈ ಊರಿನ ಐದು ಮಸೀದಿಗಳಲ್ಲಿ ಗಣೇಶನನ್ನು ಕೂರಿಸುತ್ತಾರೆ. ಚಾಂದ್ರಮಾನದ ಮೊಹರಂ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಸುಮಾರು 33 ವರ್ಷಗಳಿಗೊಮ್ಮೆ ಗಣೇಶ ಚತುರ್ಥಿಯ ಆಸುಪಾಸಿಗೆ ಬರುತ್ತದೆ. 2018ರಿಂದ 2020ರವರೆಗೆ ಹೀಗೆ ಆದಾಗ ಗಣೇಶನೂ ಪಂಜಾಗಳೂ ಒಂದೇ ಸೂರಿನಡಿ ಕೂತವು.

ಯೆಹೂದ್ಯರ ಪಸ್ಕದೊಂದಿಗೆ ಹೋಲಿಕೆ

ಒಂದು ಧರ್ಮದ ಹಬ್ಬಕ್ಕೆ ಹೊರಗಿನವರು ಸೇರಬಹುದೇ ಎಂಬ ಪ್ರಶ್ನೆಗೆ ಲಿಖಿತ ನಿಯಮ ಇರುವುದು ಯೆಹೂದ್ಯರ ಪಸ್ಕ ಹಬ್ಬದಲ್ಲಿ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ ಈ ಹಬ್ಬದ ಬಲಿಯ ಮಾಂಸವನ್ನು ಹೊರಗಿನವರೂ ಸುನ್ನತಿಯಾಗದವರೂ ಉಣ್ಣಕೂಡದೆಂದು ಬೈಬಲಿನ ವಿಮೋಚನಕಾಂಡದ 12ನೆಯ ಅಧ್ಯಾಯ ವಿಧಿಸುತ್ತದೆ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾಗಿ ಬಲಿ ನಿಂತ ಮೇಲೆ ಹಬ್ಬದ ಕೇಂದ್ರ ಸೇದರ್ ಎಂಬ ಮನೆಯೂಟದ ಮೇಜಿಗೆ ಬಂತು. ಅಲ್ಲಿ ಓದುವ ಹಗ್ಗದಾ ಗ್ರಂಥ ಹಸಿದವರನ್ನೆಲ್ಲ ಊಟಕ್ಕೆ ಕರೆಯುತ್ತದೆ. ಹಬ್ಬದ ದಿನ ಯೆಹೂದ್ಯರಲ್ಲದವರಿಗಾಗಿಯೇ ಅಡುಗೆ ಮಾಡಬಹುದೇ ಎಂದು ಯೆಹೂದ್ಯರ ಶಾಸ್ತ್ರಗ್ರಂಥ ತಾಲ್ಮೂದ್ ಚರ್ಚಿಸುತ್ತದೆ. ಆಧುನಿಕ ಕಾಲದಲ್ಲಿ ಅತಿಥಿಗಳನ್ನು ಕರೆಯುವುದು ಹೆಚ್ಚಾಗಿದೆ. 1969ರಲ್ಲಿ ವಾಷಿಂಗ್ಟನ್ನಿನ ಚರ್ಚೊಂದರಲ್ಲಿ ನಡೆದ ‘ಬಿಡುಗಡೆಯ ಸೇದರ್’ ಊಟದಲ್ಲಿ ಯೆಹೂದ್ಯರೂ ಕ್ರೈಸ್ತರೂ, ಕರಿಯರೂ ಬಿಳಿಯರೂ ಒಟ್ಟಿಗೆ ಕೂತರು. ಬಲಿ ತಮ್ಮವರಿಗೆ, ಊಟ ಎಲ್ಲರಿಗೆ ಎಂಬ ಈ ವಿಂಗಡಣೆಗೂ, ಓದುವುದು ಮುಲ್ಲಾನದು, ಉಳಿದದ್ದು ಊರಿನದು ಎಂಬ ಅಲಾವಿಯ ವಿಂಗಡಣೆಗೂ ಹೋಲಿಕೆ ಇದೆ. ವ್ಯತ್ಯಾಸವೂ ದೊಡ್ಡದೇ: ಸೇದರಿಗೆ ಬಂದವರು ಅತಿಥಿಗಳು, ಅಲಾವಿಗೆ ಬಂದವರು ಪಾಲುದಾರರು.

ಇಂದಿನ ಸ್ಥಿತಿ

ಕರ್ನಾಟಕದ ಮೊಹರಂ ಕುರಿತು ಲೇಖಕ ರಹಮತ್ ತರೀಕೆರೆ ವ್ಯಾಪಕವಾಗಿ ಬರೆದಿದ್ದಾರೆ. ಈಚೆಗೆ ಧಾರ್ಮಿಕ ಶಿಕ್ಷಣ ಪಡೆದ ಮುಸ್ಲಿಂ ಯುವಕರು ಪಂಜಾ, ಕುಣಿತಗಳಿಂದ ಹಿಂದೆ ಸರಿದ ಊರುಗಳಿವೆ. ಅಂಥಲ್ಲಿ ಪಾಳಿ ಹೊತ್ತ ಇತರ ಮನೆತನಗಳು ಹಬ್ಬ ನಿಲ್ಲಿಸಲು ಒಪ್ಪುವುದಿಲ್ಲ. ಮುಸ್ಲಿಮೇತರರು ಸೇರಬಹುದೇ ಎಂಬ ಪ್ರಶ್ನೆ ಅಲ್ಲಿ ತಿರುವುಮುರುವಾಗಿದೆ: ಊರೆಲ್ಲ ಸೇರಿ ನಡೆಸಿದ ಹಬ್ಬವನ್ನು ನಿಲ್ಲಿಸುವ ಅಧಿಕಾರ ಯಾರದು ಎಂಬುದೇ ಈಗಿನ ತಕರಾರು.