ವೀರ್ಯ ಇದೆ, ವೀರ್ಯಾಣು ಇಲ್ಲ

ತ್ಯಾಗರಾಜನಗರದಿಂದ ಬಸವನಗುಡಿ ಕಡೆ ಓಡಾಡುವಾಗ ಅಶ್ವತ್ಥಕಟ್ಟೆ, ನಾಗರಕಲ್ಲು ನೋಡಿರ್ತೀರಲ್ವಾ? ಮಕ್ಕಳಾಗಲಿ ಅಂತ ಪ್ರದಕ್ಷಿಣೆ ಹಾಕೋರು ಹೆಚ್ಚಾಗಿ ಹೆಂಗಸರೇ. ಮಕ್ಕಳಾಗದಿದ್ರೆ ‘ಬಂಜೆ’ ಅನ್ನಿಸಿಕೊಳ್ಳೋದೂ ಅವರೇ. ಗಂಡಸಿಗೆ ಏನಂತಾರೆ? ‘ನಪುಂಸಕ’. ಅದು ಬೈಗುಳ ಮಾತ್ರ ಅಲ್ಲ, ತಪ್ಪು ಕೂಡ. ಯಾಕೆ ಅನ್ನೋದೇ ಇವತ್ತಿನ ಹಿಸ್ಟರಿ.

🔬 1677, ಹಾಲೆಂಡಿನ ಡೆಲ್ಫ್ಟ್. ಯೋಹಾನ್ ಹಾಮ್ ಅನ್ನೋ ವಿದ್ಯಾರ್ಥಿ ವೀರ್ಯದ ಸ್ಯಾಂಪಲ್ ಹಿಡ್ಕೊಂಡು ಲೀವೆನ್‌ಹಾಕ್ ಹತ್ರ ಬಂದ. ಹೌದು, ನಿಮ್ಮ ಬಯಾಲಜಿ ಬುಕ್ಕಿನ ಅದೇ ಲೀವೆನ್‌ಹಾಕ್. ವೃತ್ತಿಯಲ್ಲಿ ಬಟ್ಟೆ ವ್ಯಾಪಾರಿ. ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಾಲ ಬೀಸುತ್ತಾ ಓಡಾಡೋ ಪುಟ್ಟ ಜೀವಿಗಳು! ಅಂಡ ಮತ್ತು ವೀರ್ಯಾಣು ಒಂದಾಗೋದನ್ನ ಹರ್ಟ್‌ವಿಗ್ ಸಮುದ್ರಜೀವಿಯೊಂದರಲ್ಲಿ ತೋರಿಸಿದ್ದು 1876ರಲ್ಲಿ. ಅಂದ್ರೆ ಇನ್ನೂ 200 ವರ್ಷ ಬೇಕಾಯ್ತು.

ಮುಖ್ಯ ವಿಷಯ ಇಲ್ಲಿದೆ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ ಸುಮಾರು 5 ಮಾತ್ರ. ಉಳಿದದ್ದು ಬೇರೆ ಗ್ರಂಥಿಗಳ ದ್ರವ. ಹಾಗಾಗಿ ವೀರ್ಯಾಣು ಒಂದೂ ಇಲ್ಲದಿದ್ರೂ ಬರಿಗಣ್ಣಿಗೆ ಗೊತ್ತಾಗಲ್ಲ. ಇದಕ್ಕೆ ‘ಅಝೂಸ್ಪರ್ಮಿಯಾ’ ಅಂತಾರೆ. ಸುಮಾರು 100 ಗಂಡಸರಲ್ಲಿ ಒಬ್ಬರಿಗೆ ಇರುತ್ತೆ. ಕೆಲವರಲ್ಲಿ ವೃಷಣ ವೀರ್ಯಾಣು ತಯಾರಿಸುತ್ತೆ, ಆದರೆ ನಾಳ ಕಟ್ಟಿಕೊಂಡಿರುತ್ತೆ. ಇನ್ನು ಕೆಲವರಲ್ಲಿ ತಯಾರಿಕೆಯೇ ಆಗ್ತಿರಲ್ಲ.

🐒 ಹಾಗಾದ್ರೆ ‘ಗಂಡಸ್ತನ’ ಇಲ್ಲ ಅಂತಾನಾ? ಉತ್ತರ ನಮ್ಮ ಬೆಂಗಳೂರಲ್ಲೇ ಸಿಕ್ಕಿದೆ. ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಪ್ರೊಫೆಸರ್ ಎನ್. ಆರ್. ಮೌದ್ಗಲ್ ಮತ್ತು ತಂಡ ಹುಡುಕ್ತಿದ್ದದ್ದು ಗಂಡಸರ ಗರ್ಭನಿರೋಧಕ ಲಸಿಕೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರೋ ಎಫ್‌ಎಸ್‌ಎಚ್ ಹಾರ್ಮೋನನ್ನ ಗಂಡು ಕೋತಿಗಳಲ್ಲಿ ಲಸಿಕೆಯಿಂದ ತಡೆದರು. ವೀರ್ಯಾಣು ಕುಸಿಯಿತು, ಮರಿ ಹುಟ್ಟಿಸೋ ಶಕ್ತಿ ಹೋಯ್ತು. ಆದರೆ ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಮಾಮೂಲಾಗೇ ಇತ್ತು! ಮನುಷ್ಯರ ಮೇಲಿನ ಪುಟ್ಟ ಪ್ರಯೋಗದ ವರದಿ 1997ರಲ್ಲಿ ಬಂತು. ಅಲ್ಲೂ ಟೆಸ್ಟೋಸ್ಟಿರಾನ್ ಇಳಿಯಲಿಲ್ಲ. ಅಂದ್ರೆ ವೀರ್ಯಾಣು ಬೇರೆ, ಗಂಡಸ್ತನ ಬೇರೆ.

💉 1992ರಲ್ಲಿ ಬ್ರಸೆಲ್ಸ್ ವೈದ್ಯರು ಒಂದೇ ಒಂದು ವೀರ್ಯಾಣುವನ್ನ ಅಂಡದೊಳಗೆ ಚುಚ್ಚಿ ಮಕ್ಕಳಾದ ಸುದ್ದಿ ಪ್ರಕಟಿಸಿದ್ರು. ಅದೇ ‘ಇಕ್ಸಿ’. ಸ್ವಲ್ಪ ದಿನದಲ್ಲೇ ವೃಷಣದಿಂದ ನೇರವಾಗಿ ವೀರ್ಯಾಣು ತೆಗೆದು ಹೀಗೆ ಬಳಸೋದೂ ಶುರುವಾಯ್ತು. ಎಲ್ಲರಿಗೂ ಫಲ ಸಿಗಲ್ಲ. ಆದರೆ ‘ಏನೂ ಮಾಡಕ್ಕಾಗಲ್ಲ’ ಅನ್ನೋ ಕಾಲ ಮುಗೀತು.

ಇಷ್ಟಾದ್ರೂ ಎಷ್ಟೋ ಮನೆಗಳಲ್ಲಿ ಸೊಸೆಗೆ ವರ್ಷಗಟ್ಟಲೆ ಟ್ರೀಟ್‌ಮೆಂಟ್, ಮಗನಿಗೆ ಒಂದು ವೀರ್ಯ ಪರೀಕ್ಷೆಯೂ ಇಲ್ಲ. ನಿಮ್ಮ ಮನೇಲಿ ಯಾರಾದ್ರೂ ‘ಅವಳಿಗೇ ಏನೋ ತೊಂದರೆ’ ಅಂದ್ರೆ, ಮೆಲ್ಲಗೆ ಕೇಳಿ: ‘ಇಬ್ಬರಿಗೂ ಟೆಸ್ಟ್ ಆಯ್ತಾ?’

ಸೇವ್ ಮಾಡ್ಕೊಳ್ಳಿ, ಕ್ಲಾಸ್ ಗ್ರೂಪಿಗೂ ಕಳ್ಸಿ 🙏

#ಕನ್ನಡದಲ್ಲಿಹಿಸ್ಟರಿ #ತ್ಯಾಗರಾಜನಗರ #ವಿಜ್ಞಾನ