ರಾಫ್ಟಿಂಗ್ ಮತ್ತು ನದಿಯ ಹರಿವು

ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಪ್ರವಾಸಿಗರನ್ನು ನದಿಯ ರಭಸದ ಇಳಿಜಾರುಗಳಲ್ಲಿ ಕರೆದೊಯ್ಯುವ ವಾಣಿಜ್ಯ ರಾಫ್ಟಿಂಗ್ ಹರಿವನ್ನೇ ನಂಬಿದ ಉದ್ಯಮ. ಹರಿವನ್ನು ಸೆಕೆಂಡಿಗೆ ಇಷ್ಟು ಘನ ಅಡಿ, ಅಂದರೆ ಕ್ಯುಸೆಕ್ ಲೆಕ್ಕದಲ್ಲಿ ಅಳೆಯುತ್ತಾರೆ. ನೀರು ಹೆಚ್ಚಿದಷ್ಟೂ ಮೋಜು ಹೆಚ್ಚು ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಸರಿಯಲ್ಲ. ನದಿಯ ಪ್ರತಿಯೊಂದು ಭಾಗಕ್ಕೂ ದೋಣಿ ಸಾಗಲು ಬೇಕಾದ ಕನಿಷ್ಠ ಹರಿವೊಂದಿದೆ, ದಾಟಬಾರದ ಗರಿಷ್ಠವೂ ಒಂದಿದೆ.

ನೀರು ಇಳಿದಾಗ ಬಂಡೆಗಳು ಮೇಲೆದ್ದು ದಾರಿ ಕಿರಿದಾಗುತ್ತದೆ. ದೋಣಿ ಕಲ್ಲಿಗೆ ಒತ್ತಿಕೊಂಡು ಸಿಕ್ಕಿಬೀಳಬಹುದು. ಬಿದ್ದವರು ನಿಲ್ಲಲು ಹೋದರೆ ಕಾಲು ಕಲ್ಲುಗಳ ನಡುವೆ ಸಿಲುಕಿ, ಸೊಂಟದ ಮಟ್ಟದ ನೀರೂ ಪ್ರಾಣಾಪಾಯ ತರಬಲ್ಲದು. ನೀರು ಏರಿದಾಗ ಚಿಕ್ಕ ಅಲೆಗಳು ಮುಚ್ಚಿಹೋಗಿ ನದಿ ಸರಾಗವಾದಂತೆ ತೋರುತ್ತದೆ. ಆದರೆ ಮುಳುಗಿದ ಬಂಡೆಗಳ ಹಿಂದೆ ನೀರು ಹರಿವಿಗೆ ಎದುರಾಗಿ ಹಿಂದಕ್ಕೆ ಮಗುಚಿಕೊಳ್ಳುವ ದೊಡ್ಡ ಸುಳಿಗಳು ಹುಟ್ಟುತ್ತವೆ, ದಡದಲ್ಲಿ ದೋಣಿ ನಿಲ್ಲಿಸುವ ಶಾಂತ ಮಡುಗಳು ಮಾಯವಾಗುತ್ತವೆ. ಬಿದ್ದವರು ಬಹುದೂರ ಕೊಚ್ಚಿಹೋದ ಮೇಲಷ್ಟೇ ಕೈಗೆ ಸಿಗುತ್ತಾರೆ. ಆದ್ದರಿಂದ ಒಂದರಿಂದ ಆರರವರೆಗಿನ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ ಒಂದೇ ಇಳಿಜಾರು ಹರಿವಿಗೆ ತಕ್ಕಂತೆ ಮೇಲೆ ಕೆಳಗೆ ಆಗುತ್ತದೆ. ಅಂದಿನ ಹರಿವನ್ನು ತಿಳಿಸದೆ ಶ್ರೇಣಿಯನ್ನಷ್ಟೇ ಹೇಳಿ ಟಿಕೆಟ್ ಮಾರುವುದು ಪ್ರವಾಸಿಗನಿಗೆ ಅರ್ಧ ಸತ್ಯ ಹೇಳಿದಂತೆ.

ಕರ್ನಾಟಕದ ಎರಡು ನದಿಗಳು ಈ ಅವಲಂಬನೆಯ ಎರಡು ತುದಿಗಳನ್ನು ತೋರಿಸುತ್ತವೆ. ದಕ್ಷಿಣ ಕೊಡಗಿನ ಬರಪೊಳೆಗೆ ಮಳೆಯೇ ಆಧಾರ. ಮುಂಗಾರಿನಲ್ಲಿ ತುಂಬಿ, ಮಳೆ ನಿಂತ ಮೇಲೆ ಬಂಡೆಗಳ ಹಾಸಾಗುವ ಈ ಹೊಳೆಯಲ್ಲಿ ರಾಫ್ಟಿಂಗ್ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಚಟುವಟಿಕೆ. ಒಂದು ರಾತ್ರಿಯ ಜೋರು ಮಳೆ ಮರುದಿನದ ನದಿಯನ್ನೇ ಬದಲಿಸುತ್ತದೆ. ಉತ್ತರ ಕನ್ನಡದ ಕಾಳಿಯಲ್ಲಿ ಇದಕ್ಕೆ ತದ್ವಿರುದ್ಧ. ದಾಂಡೇಲಿಯ ಹೆಸರಿನಲ್ಲಿ ಪ್ರಸಿದ್ಧವಾದ ರಾಫ್ಟಿಂಗ್ ನಡೆಯುವುದು ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟೆಯ ಕೆಳಗೆ. ಮಳೆಗಾಲದ ನೀರನ್ನು ಹಿಡಿದಿಡುವ ಈ ಜಲಾಶಯ ಮುಂದಿನ ತಿಂಗಳುಗಳಲ್ಲಿ ಅದನ್ನು ವಿದ್ಯುತ್ತಿಗಾಗಿ ಬಿಡುತ್ತದೆ. ಅಣೆಕಟ್ಟೆಯ ಬುಡದ 100 ಮೆಗಾವಾಟ್ ವಿದ್ಯುದಾಗಾರದ ಟರ್ಬೈನ್ ತಿರುಗಿದರೆ ದೋಣಿಗೆ ನೀರು, ಇಲ್ಲವಾದರೆ ಇಲ್ಲ. ಹಾಗಾಗಿ ಬೇಸಿಗೆಯ ಉರಿಯಲ್ಲೂ ಇಲ್ಲಿ ಅಲೆಗಳಿರುತ್ತವೆ. ಆದರೆ ಆ ಹರಿವನ್ನು ನಿರ್ಧರಿಸುವುದು ವಿದ್ಯುತ್ ಬೇಡಿಕೆ, ರಾಫ್ಟಿಂಗ್ ನಡೆಸುವವರಲ್ಲ.

ಈ ಪರಾಧೀನತೆಗೆ ಅಮೆರಿಕದಲ್ಲಿ ಕಾನೂನು ಮತ್ತು ಒಪ್ಪಂದಗಳ ಪರಿಹಾರ ಹುಡುಕಿದ್ದಾರೆ. ಪಶ್ಚಿಮ ವರ್ಜೀನಿಯದ ಗಾಲಿ ನದಿಯ ಸಮ್ಮರ್ಸ್‌ವಿಲ್ ಜಲಾಶಯವನ್ನು ಪ್ರವಾಹ ನಿಯಂತ್ರಣಕ್ಕಾಗಿ ಪ್ರತಿ ಶರತ್ಕಾಲದಲ್ಲಿ ಇಳಿಸಲೇಬೇಕು. ಆ ನೀರನ್ನು ರಾಫ್ಟಿಂಗ್‌ಗೆ ಒದಗುವಂತೆ ಬಿಡಬೇಕೆಂದು 1986ರಲ್ಲಿ ಸಂಸತ್ತು ಶಾಸನ ಮಾಡಿತು. ಸಾಮಾನ್ಯವಾಗಿ 2,800 ಕ್ಯುಸೆಕ್‌ನ ಆಸುಪಾಸಿನಲ್ಲಿ, ಮೊದಲೇ ಪ್ರಕಟಿಸಿದ ದಿನಗಳಲ್ಲಿ ನೀರು ಬರುತ್ತದೆ. ಕೊಲರಾಡೊ ರಾಜ್ಯದ ಅರ್ಕಾನ್ಸಸ್ ನದಿಯಲ್ಲಿ ಜುಲೈನಿಂದ ಆಗಸ್ಟ್ ಮಧ್ಯದವರೆಗೆ ಹರಿವು 700 ಕ್ಯುಸೆಕ್‌ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಲು ನೀರಿನ ಹಕ್ಕುದಾರರೂ ಸರ್ಕಾರಿ ಸಂಸ್ಥೆಗಳೂ ಸ್ವಇಚ್ಛೆಯಿಂದ ಒಪ್ಪಿದ್ದಾರೆ. ಬಿಡುಗಡೆಯ ವೇಳಾಪಟ್ಟಿಯನ್ನು ಮುಂಚಿತವಾಗಿ ಸಾರುವ ಪದ್ಧತಿ ಅಣೆಕಟ್ಟೆಯ ಕೆಳಗಿನ ಎಲ್ಲ ನದಿಗಳಿಗೂ ಅಗತ್ಯ, ಏಕೆಂದರೆ ನಡುನೀರಿನಲ್ಲಿದ್ದಾಗ ಹರಿವು ಹಠಾತ್ತನೆ ಏರಿದರೆ ಮಾರ್ಗದರ್ಶಿಯ ಅನುಭವವೂ ಸಾಲದೆ ಹೋಗಬಹುದು.

ಗರಿಷ್ಠ ಮಿತಿ ಏಕೆ ಬೇಕೆಂಬುದಕ್ಕೆ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದಲ್ಲಿ 1983ರಲ್ಲಿ ನಡೆದದ್ದೇ ಸಾಕ್ಷಿ. ಹಿಮ ಅನಿರೀಕ್ಷಿತವಾಗಿ ಕರಗಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆಯಿಂದ ಬಿಟ್ಟ ನೀರು 90 ಸಾವಿರ ಕ್ಯುಸೆಕ್ ದಾಟಿತು. ಕ್ರಿಸ್ಟಲ್ ಎಂಬ ಇಳಿಜಾರಿನಲ್ಲಿ ಸುಮಾರು ಆರು ಮೀಟರ್ ಎತ್ತರದ ಅಲೆ ಎದ್ದು ಮೋಟಾರು ಅಳವಡಿಸಿದ ಭಾರಿ ದೋಣಿಗಳೇ ಮಗುಚಿದವು, ಒಬ್ಬರು ಸತ್ತರು. ಪ್ರವಾಸಿಗರು ಆ ಜಾಗವನ್ನು ದಡದಲ್ಲಿ ನಡೆದೇ ದಾಟಬೇಕೆಂದು ಉದ್ಯಾನದ ಅಧಿಕಾರಿಗಳು ಆದೇಶಿಸಿದರು. ಇದೇ ಎಚ್ಚರದಿಂದ ರಿಷಿಕೇಶದ ಗಂಗೆಯಲ್ಲಿ ಪ್ರತಿ ಮಳೆಗಾಲದಲ್ಲೂ ರಾಫ್ಟಿಂಗ್ ನಿಲ್ಲಿಸಿ, ನೀರು ಇಳಿದ ಬಳಿಕ ತಪಾಸಣೆ ನಡೆಸಿ ಮತ್ತೆ ಆರಂಭಿಸುತ್ತಾರೆ.