ಸಸ್ಯವಿಷಬಾಧೆ (ಜಾನುವಾರು)
ಮೇಯುವ ದನ, ಕುರಿ, ಆಡುಗಳು ವಿಷಸಸ್ಯ ತಿಂದು ನರಳುವ ಸ್ಥಿತಿ. ಹುಣಸೂರು, ಎಚ್.ಡಿ. ಕೋಟೆಗಳ ನಾಗರಹೊಳೆ ಕಾಡಂಚಿನಲ್ಲಿ ಇಂಥ ಸಸ್ಯಗಳಲ್ಲೊಂದಾದ ಲಂಟಾನ ದಟ್ಟವಾಗಿ ಹಬ್ಬಿದೆ. ಇದರ ಕಟುವಾಸನೆಯ ಎಲೆಯನ್ನು ದನ ಸಾಮಾನ್ಯವಾಗಿ ಮುಟ್ಟದು. ಮೇವಿಲ್ಲದ ಬರಗಾಲದಲ್ಲಿ ಹಸಿವು ತಾಳದೆ ತಿನ್ನುತ್ತದೆ. ಅದರಲ್ಲಿನ ಲಂಟಾಡೀನ್ ಎಂಬ ವಿಷ ಯಕೃತ್ತಿನಿಂದ ಪಿತ್ತರಸ ಹರಿಯದಂತೆ ತಡೆಯುತ್ತದೆ. ಪಿತ್ತದೊಡನೆ ಹೊರಹೋಗಬೇಕಾದ ಪತ್ರಹರಿತ್ತಿನ ಶೇಷ ರಕ್ತದಲ್ಲೇ ಉಳಿದು, ಬಿಸಿಲು ತಾಗಿದೊಡನೆ ಮೂತಿ, ಕಿವಿ, ಕೆಚ್ಚಲುಗಳ ತೆಳುಬಣ್ಣದ ಚರ್ಮ ಸುಟ್ಟಂತೆ ಬಿರಿಯುತ್ತದೆ. ಕಾಮಾಲೆ, ಮಲಬದ್ಧತೆ ಜೊತೆಗೂಡುತ್ತವೆ. ನೆರಳಿನಲ್ಲಿ ಕಟ್ಟುವುದೇ ಮೊದಲ ಶುಶ್ರೂಷೆ. ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ಬೆಳೆಯುವ ಹೊಗೆಸೊಪ್ಪಿನ ನಿಕೋಟಿನ್ ಕೂಡ ದನಕ್ಕೆ ವಿಷ. ಎಲ್ಲಕ್ಕಿಂತ ಕ್ರೂರವಾದದ್ದು ಎಳೆಯ, ಮಳೆಯಿಲ್ಲದೆ ಬಾಡಿದ ಜೋಳದ ಪೈರಿನ ಸಯನೈಡ್. ಹೊಟ್ಟೆ ಸೇರಿದ ಸ್ವಲ್ಪ ಹೊತ್ತಿಗೇ ದನ ಉಸಿರುಗಟ್ಟಿ ಕುಸಿಯುತ್ತದೆ. ಪಶುವೈದ್ಯರು ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಕೊಡುವಷ್ಟು ಸಮಯ ಸಿಗುವುದೇ ಅಪರೂಪ. ಆದ್ದರಿಂದ ಹೂ ಬಿಡುವ ಮುನ್ನ ಜೋಳದ ಹೊಲಕ್ಕೆ ದನ ಬಿಡಬಾರದು.